ಬೀಗವಿಲ್ಲದ ಸಾಲು

ಆಫೀಸಿನಲ್ಲಿ ಎಲ್ಲರೂ ಅವನನ್ನು ಬೀಗದಣ್ಣ ಎಂದೇ ಕರೆಯುತ್ತಿದ್ದರು. ಆಸ್ಪತ್ರೆಯೊಂದರ ಲ್ಯಾಬ್ ವರದಿಗಳನ್ನು ಸಿದ್ಧಪಡಿಸುವ ಪ್ರೋಗ್ರಾಂ ಅವನು ಬರೆದದ್ದು. ಒಟ್ಟಿಗೆ ಓಡುವ ಎರಡು ಕೆಲಸಗಳು ಒಂದೇ ಮಾಹಿತಿಗೆ ಕೈಹಾಕಿದರೆ ಎಡವಟ್ಟಾಗುತ್ತದೆ. ಒಂದು ಮುಗಿಸುವ ತನಕ ಇನ್ನೊಂದು ಕಾಯುವ ಹಾಗೆ ಬೀಗ ಹಾಕಬೇಕು. ಈ ವಿದ್ಯೆಯಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಅವನಿಗಿತ್ತು, ತುಸು ಜಾಸ್ತಿಯೇ ಇತ್ತು.

ಆ ಸೋಮವಾರ ಅವರು ಬಳಸುವ ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿ ಬಂದಿತ್ತು. ಚಹಾದ ಲೋಟ ಹಿಡಿದುಕೊಂಡೇ ಅವನು ಹೊಸತೇನಿದೆ ಎಂದು ಓದಿ ಹೇಳಿದ. ಸಾವಿರಾರು ಸಣ್ಣ ಕೆಲಸಗಳನ್ನು ಹಗುರವಾಗಿ ಒಟ್ಟಿಗೆ ಓಡಿಸಬಹುದು. ತಾಯಿ ಕೆಲಸ ನಿಂತರೆ ಮರಿ ಕೆಲಸಗಳೂ ತಾವಾಗಿ ನಿಲ್ಲುತ್ತವೆ, ದಿಕ್ಕಿಲ್ಲದೆ ಅಲೆಯುವುದಿಲ್ಲ. ಭಾಷೆಯ ಜೊತೆ ಬರುವ ಸಿದ್ಧ ಕೋಡ್‌ಗಳ ಲೈಬ್ರರಿಯಲ್ಲಿ ಒಂದು ಪತ್ತೇದಾರಿ ಸಲಕರಣೆಯೂ ಸೇರಿತ್ತು: ಎಲ್ಲಿ ಬೀಗ ಬೇಕಿತ್ತೋ ಅಲ್ಲಿ ಇಲ್ಲದಿದ್ದರೆ, ಸಾಲಿನ ಸಂಖ್ಯೆ ಸಮೇತ ಹಿಡಿದುಕೊಡುತ್ತದೆ.

"ನಮ್ಮದರ ಮೇಲೂ ಓಡಿಸಿ ನೋಡೋಣ," ಎಂದಳು ಪಕ್ಕದ ಮೇಜಿನ ಪರೀಕ್ಷಕಿ. ಇತರರ ಪ್ರೋಗ್ರಾಂಗಳಲ್ಲಿ ತಪ್ಪು ಹುಡುಕುತ್ತಲೇ ಹದಿನೈದು ವರ್ಷ ಅಲ್ಲಿ ಕೂತವಳು.

"ಓಡಿಸಿ, ಓಡಿಸಿ. ಏನೂ ಸಿಗದೆ ಪಾಪ ಅದಕ್ಕೇ ಬೇಜಾರಾಗುತ್ತೆ," ಎಂದು ಅವನು ನಕ್ಕ.

ಸಿಕ್ಕಿತು. ಒಂದೇ ಒಂದು. ನಾನೂರ ಹನ್ನೆರಡನೇ ಸಾಲು. ಈಗ ಯಾವ ರೋಗಿಯ ವರದಿ ನಡೆಯುತ್ತಿದೆ ಎಂದು ನೆನಪಿಟ್ಟುಕೊಳ್ಳುವ ಜಾಗಕ್ಕೆ ಬೀಗವೇ ಇರಲಿಲ್ಲ. ಬರೆದವರ ಹೆಸರು ಪಕ್ಕದಲ್ಲೇ ಇತ್ತು. ಅವನದೇ ಹೆಸರು, ಹನ್ನೊಂದು ವರ್ಷ ಹಿಂದಿನ ತಾರೀಖು.

ಅವನ ಕೈಯಲ್ಲಿದ್ದ ಚಹಾ ಆರಿತು. ಆರು ವರ್ಷದ ಹಿಂದೆ ಇಲ್ಲಿ ಒಬ್ಬಳು ಕೆಲಸಕ್ಕೆ ಸೇರಿದ್ದಳು. ಉಸಿರಿಗೊಂದು "ಯಾಕೆ ಸರ್?" ಕೇಳುತ್ತಿದ್ದಳೆಂದು ಯಾಕಮ್ಮ ಎಂದೇ ಹೆಸರು ಬಿದ್ದಿತ್ತು. ಒಂದೊಂದಾಗಿ ತಯಾರಾಗುತ್ತಿದ್ದ ವರದಿಗಳು ಎರಡೆರಡಾಗಿ ಓಡುವಂತೆ ಅವಳು ಮಾಡಿದಳು. ಮೂರನೇ ದಿನ ಆರು ವರ್ಷದ ಮಗುವಿನ ವರದಿಯಲ್ಲಿ ಅರವತ್ತರ ಅಜ್ಜನ ಸಕ್ಕರೆ ಕಾಣಿಸಿತು. ನರ್ಸ್ ಒಬ್ಬರು ಕಣ್ಣಿಟ್ಟು ನೋಡಿದ್ದರಿಂದ ಮಗು ಬಚಾವಾಯಿತು. ಮರುದಿನದ ಮೀಟಿಂಗಿನಲ್ಲಿ ಹನ್ನೆರಡು ಜನರ ಎದುರು ಬೀಗದಣ್ಣ ಅಂದಿದ್ದ: "ಬೀಗ ಹಾಕೋಕೆ ಬರದವರು ಬಾಗಿಲು ಮುಟ್ಟಬಾರದು." ಎಲ್ಲರೂ ನಕ್ಕಿದ್ದರು.

ಅವಳ ಕೋಡ್ ತೆಗೆದರು, ವರದಿಗಳು ಮತ್ತೆ ಒಂದೊಂದಾಗಿ ಓಡಿದವು, ತೊಂದರೆ ನಿಂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದರು. ಬರೆ ಎಳೆದ ಮೇಲೆ ಎತ್ತು ಎದ್ದು ನಿಂತದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಎರಡು ತಿಂಗಳಲ್ಲಿ ಅವಳು ರಾಜೀನಾಮೆ ಕೊಟ್ಟು ಹೋದಳು.

ಅವನು ಹಳೆಯ ದಾಖಲೆ ತೆರೆದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುವುದು ಬಹುಶಃ ಹೀಗೇ. ಅದೇ ಸಾಲಿನ ಪಕ್ಕ, ಆ ಮೀಟಿಂಗಿನ ಹಿಂದಿನ ಸಂಜೆ, ಅವಳ ಟಿಪ್ಪಣಿ: "ಸರ್, ಇಲ್ಲಿ ಬೀಗ ಯಾಕಿಲ್ಲ?" ಕೆಳಗೆ ಅವನ ಉತ್ತರ: "ಐದು ವರ್ಷದಿಂದ ಓಡ್ತಿದೆ. ನಿನ್ನ ಸಾಲು ನೋಡಿಕೋ."

ಹಾಗೆ ಬರೆದದ್ದು ಅವನಿಗೆ ನೆನಪೇ ಇರಲಿಲ್ಲ. ತಪ್ಪಿಗಿಂತ ಈ ಮರೆವೇ ಅವನನ್ನು ಹೆಚ್ಚು ಸುಟ್ಟಿತು.

ಬೀಗ ಹಾಕುವುದು ಒಂದು ನಿಮಿಷದ ಕೆಲಸ. ಹಾಕಿದ. "ಸಣ್ಣ ತಿದ್ದುಪಡಿ" ಎಂದು ಟೈಪ್ ಮಾಡಿದ. ಕಳಿಸಿಬಿಟ್ಟರೆ ಯಾರು ಕೇಳುತ್ತಾರೆ? ಪರೀಕ್ಷಕಿ ತನ್ನ ಪರದೆಯಿಂದ ಕಣ್ಣು ತೆಗೆಯದೆ ಅಂದಳು: "ಯಾಕಮ್ಮನ ನಂಬರ್ ನನ್ ಹತ್ರ ಇದೆ."

ಅವನು ಆ ಎರಡು ಪದ ಅಳಿಸಿ, ನಂಬರ್ ಪಡೆದು, ಫೋನ್ ಹಿಡಿದು ಮೆಟ್ಟಿಲ ಬಳಿ ಹೋದ.

"ನಾನಮ್ಮ, ಬೀಗದಣ್ಣ."

"ಗೊತ್ತಾಯ್ತು ಸರ್. ದನಿ ಹಾಗೇ ಇದೆ."

ಒಂದೇ ಉಸಿರಿಗೆ ಎಲ್ಲ ಹೇಳಿದ, ಸಾಲಿನ ಸಂಖ್ಯೆಯನ್ನೂ ಬಿಡಲಿಲ್ಲ. "ತಪ್ಪು ನನ್ನದಮ್ಮ, ನಿನ್ನದಲ್ಲ. ನಾಳೆ ಎಲ್ಲರ ಮುಂದೇನೇ ಹೇಳ್ತೀನಿ. ನೀನು ವಾಪಸ್ ಬರೋದಾದ್ರೆ ನಾನು ಮಾತಾಡ್ತೀನಿ."

"ಕಂಪ್ಯೂಟರ್ ಬಿಟ್ಟು ಐದು ವರ್ಷ ಆಯ್ತು ಸರ್. ಚಿಕ್ಕಮ್ಮನ ಅಂಗಡಿ ನೋಡ್ಕೋತೀನಿ, ನೋಟ್‌ಬುಕ್ಕು, ಪೆನ್ನು." ಅವಳೇ ಮುಂದುವರಿಸಿದಳು: "ಆ ಸಾಲು ನನ್ನ ಕಣ್ಣಿಗೆ ಬಿದ್ದಿತ್ತು. ನೀವು ಸರಿಯಿದೆ ಅಂದ್ರಿ. ನಿಮಗಿಂತ ನನಗೆ ಗೊತ್ತಾ ಅಂತ ನಂಬಿಬಿಟ್ಟೆ. ಆಮೇಲೆ ನನ್ನ ಕಣ್ಣನ್ನೇ ನಂಬೋಕಾಗ್ಲಿಲ್ಲ. ಈಗ್ಲೂ ಅಂಗಡಿ ಬಾಗಿಲು ಹಾಕಿ ಮೂರು ಸಲ ವಾಪಸ್ ಬಂದು ಎಳೆದು ನೋಡ್ತೀನಿ. ಚಿಕ್ಕಮ್ಮ ನಗ್ತಾರೆ."

ಅವಳು ಬಯ್ಯಲಿ ಎಂದು ಕಾದ. ಯಾಕೆ ಸರ್ ಹಾಗೆ ಮಾಡಿದ್ರಿ ಎಂದು ಕೇಳಲಿ ಎಂದು ಕಾದ. ಜಂಬ ಕಣಮ್ಮ, ಬರೀ ಜಂಬ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು.

"ಹೇಳಿದ್ರಲ್ಲ ಸರ್, ಅಷ್ಟೇ ಸಾಕು. ಗಿರಾಕಿ ಬಂದಿದ್ದಾರೆ, ಇಡ್ತೀನಿ."

ಅವಳು ಫೋನ್ ಇಟ್ಟ ಮೇಲೂ ಅವನು ತನ್ನದನ್ನು ಕಿವಿಯಿಂದ ತೆಗೆಯಲಿಲ್ಲ. ಯಾಕಮ್ಮ ಅಷ್ಟು ಹೊತ್ತಿನಲ್ಲಿ ಒಂದು ಸಲವೂ ಯಾಕೆ ಎಂದು ಕೇಳಲಿಲ್ಲ.