ವೀಗಾಂಡ್ ಮರೆತ ಪ್ರತಿಜ್ಞೆ

ತಾನು ಮಾಡಿದ ತಪ್ಪು ವೀಗಾಂಡನಿಗೆ ಹೊಳೆದದ್ದು ಎರಡನೆಯ ವಾದದ ನಡುವೆ. ಆಗಲೇ ವಿಶ್ವವಿದ್ಯಾಲಯದ ಪೀಠದ ಮೇಲೆ ನಿಂತು ಅರ್ಧ ಗಂಟೆ ಮಾತನಾಡಿದ್ದ. ದೇವಶಾಸ್ತ್ರದ ಪಾಠ ಆರಂಭಿಸುವವರು ಯಾರೇ ಇರಲಿ, ಮೊದಲು ಸಭೆಯ ಮುಂದೆ ಒಂದು ಪ್ರತಿಜ್ಞೆ ಮಾಡಬೇಕು. ಧರ್ಮಕ್ಕೆ ವಿರುದ್ಧವಾದದ್ದನ್ನು ಹೇಳುವ ಇಚ್ಛೆ ನನಗಿಲ್ಲ, ಬಾಯಿತಪ್ಪಿ ಹೇಳಿದರೆ ಅದನ್ನು ಈಗಲೇ ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದು. ಆ ಮಾತನ್ನೇ ಅವನು ಹೇಳಿರಲಿಲ್ಲ.

ಉಳಿದವರು ಅದನ್ನು ಮೊದಲ ಹಾಳೆಯಲ್ಲಿ ಬರೆದುಕೊಂಡು ಬರುತ್ತಿದ್ದರು. ಆರು ವರ್ಷಗಳಿಂದ ಕೇಳಿ ಕೇಳಿ ಬಾಯಿಪಾಠವಾದ ಮಾತಿಗೆ ಹಾಳೆ ಯಾಕೆಂದು ಇವನು ಬರೆದಿರಲಿಲ್ಲ.

ಗಾಡಿಯ ಗಾಲಿ ಮಾಡುವವನ ಮಗ ವೀಗಾಂಡ್. ನಲವತ್ತೊಂದು ವರ್ಷ. ತರ್ಕ ಕಲಿತು, ತರ್ಕ ಕಲಿಸಿ, ಆರು ವರ್ಷ ಕೆಳಗಿನ ಬೆಂಚಿನಲ್ಲಿ ಕೂತು ಕೇಳಿ, ಕೊನೆಗೆ ಈ ಪೀಠ ಹತ್ತಿದ್ದ. ಈ ವರ್ಷದ ಪಾಠ ಲೆಕ್ಕಕ್ಕೆ ಬಂದರೆ ಮುಂದೆ ಪಂಡಿತ ಪದವಿಯ ಟೋಪಿ. ಪ್ರತಿಜ್ಞೆಯಿಲ್ಲದೆ ಆಡಿದ ಮಾತಿನಲ್ಲಿ ದೋಷ ಸಿಕ್ಕಿದರೆ ಅದು ಬೇಕೆಂದೇ ಆಡಿದ್ದು ಎಂದಾಗುತ್ತಿತ್ತು. ಮೂರು ವರ್ಷದ ಹಿಂದೆ ಹಾಗೆ ಸಿಕ್ಕಿಬಿದ್ದ ಒಬ್ಬ ಈಗ ಯಾವುದೋ ಹಳ್ಳಿಯ ಇಗರ್ಜಿಯಲ್ಲಿ ಗಂಟೆ ಬಾರಿಸುತ್ತಿದ್ದ.

ಸಾಲದ್ದಕ್ಕೆ ವೀಗಾಂಡ್ ಎತ್ತಿಕೊಂಡ ವಿಷಯವೂ ನಾಜೂಕಿನದು. ದೀಕ್ಷಾಸ್ನಾನಕ್ಕೆ ಮೊದಲೇ ಸತ್ತ ಶಿಶುಗಳನ್ನು ದೇವರು ತನ್ನ ಶಕ್ತಿಯಿಂದ ಉದ್ಧರಿಸಬಲ್ಲನೇ? ಆ ಸ್ನಾನವಿಲ್ಲದೆ ಉದ್ಧಾರವಿಲ್ಲ ಎಂದು ಇಗರ್ಜಿಯ ಬೋಧನೆ; ಬಲ್ಲ ಎಂದು ಅವನು ವಾದಿಸುತ್ತಿದ್ದ. ವಾದ ಶುರುವಾದ ಮೇಲೆ ಪ್ರತಿಜ್ಞೆಗೆ ಹಿಂದಿರುಗುವಂತಿಲ್ಲ. ಮುಂದಿನ ಸಾಲಿನಲ್ಲಿ ಇಬ್ಬರು ಪಂಡಿತರು ತಲೆಗೆ ತಲೆ ಕೂಡಿಸಿದರು. ಒಬ್ಬರು ಏನನ್ನೋ ಬರೆದುಕೊಳ್ಳತೊಡಗಿದರು. ವೀಗಾಂಡ್ ಹೇಗೋ ಮಾತು ಮುಗಿಸಿ ಕುಳಿತ. ಬೆಳ್ಳಿಕೋಲು ಹಿಡಿದು ಸಭೆ ಕಾಯುವ ಹೆನ್ನೆ, ಯಾರೂ ಕೇಳದಿದ್ದರೂ, ನೀರಿನ ಬಟ್ಟಲನ್ನು ಅವನ ಕೈಗೆಟಕುವಷ್ಟು ಹತ್ತಿರ ಸರಿಸಿದ.

ಪ್ರತಿವಾದಿಯಾಗಿ ಎದ್ದವನು ತಿಲ್ಮನ್, ಕರಿಯ ಮೇಲಂಗಿಯ ಸನ್ಯಾಸಿ, ಏಳು ವರ್ಷ ಕಿರಿಯ. ಆ ವರ್ಷ ಟೋಪಿ ಪಡೆಯುವವರ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಇವರಿಬ್ಬರದೇ ಪೈಪೋಟಿ.

"ಮೊದಲು ಪ್ರತಿಜ್ಞೆ," ಎಂದ ತಿಲ್ಮನ್. "ಈ ದಿನ ಇಲ್ಲಿ ನಾವಿಬ್ಬರು ಆಡಿದ ಮಾತಿನಲ್ಲಿ, ಆಡೋ ಮಾತಿನಲ್ಲಿ..."

"ನಿಲ್ಲಿ," ಎಂದರು ವಯಸ್ಸಾದ ಡೀನ್ ಲುಡೋಲ್ಫ್. "ಇನ್ನೊಬ್ಬರ ಪ್ರತಿಜ್ಞೆ ನೀವು ಮಾಡೋದು ಯಾವ ನಿಯಮದಲ್ಲಿದೆ?"

"ಮಾಡಬಾರದು ಅಂತ ಯಾವುದರಲ್ಲಿದೆ, ಗುರುಗಳೇ? ದೀಕ್ಷಾಸ್ನಾನದಲ್ಲಿ 'ನಂಬುತ್ತೇನೆ' ಅನ್ನೋದು ಮಗು ಅಲ್ಲವಲ್ಲ, ಅದರ ಪರವಾಗಿ ಅದನ್ನ ಎತ್ತಿಕೊಂಡವರು. ಇಗರ್ಜಿ ಒಪ್ಪತ್ತೆ."

"ಈ ಮಗೂಗೆ ತಲೆ ನರೆತಿದೆಯಲ್ಲಪ್ಪ."

"ತೂಕಾನೂ ಜಾಸ್ತಿನೇ. ಆದ್ರೂ ಎತ್ತಿಕೊಂಡಿದೀನಿ."

ಹಿಂದಿನ ಬೆಂಚುಗಳು ನಕ್ಕವು. ಡೀನ್ ನಗಲಿಲ್ಲ. ವೀಗಾಂಡನ ಕಡೆ ತಿರುಗಿದರು.

"ನೀವೇನಂತೀರಿ?"

ಮನಸ್ಸಿನಲ್ಲೇ ಹೇಳಿಕೊಂಡಿದ್ದೆ ಎನ್ನಬಹುದಿತ್ತು. ಯಾರಿಗೂ ಅದನ್ನು ಅಲ್ಲಗಳೆಯಲು ಆಗುತ್ತಿರಲಿಲ್ಲ.

"ಮರೆತೆ, ಗುರುಗಳೇ," ಎಂದ ವೀಗಾಂಡ್. "ಇವರು ಹೇಳಿದ್ದು ನನ್ನದೂ ಹೌದು. ಇಗೋ, ಒಪ್ಪಿದೆ."

ಡೀನ್ ಅಕ್ಕಪಕ್ಕದವರ ಜೊತೆ ಪಿಸುಗುಟ್ಟಿದರು. ತುಂಬ ಹೊತ್ತೇ ಪಿಸುಗುಟ್ಟಿದರು. ಆಮೇಲೆ, "ಇಬ್ಬರದೂ ಅಂತ ಬರ್ಕೊಳ್ಳಿ," ಎಂದರು. ಮುಂದಿನ ಸಾಲಿನ ಪಂಡಿತರು ಲೇಖನಿ ಕೆಳಗಿಟ್ಟರು.

ಬಳಿಕ ತಿಲ್ಮನ್ ವೀಗಾಂಡನ ವಾದವನ್ನು ಪದ್ಧತಿಯಂತೆ ಗೌರವದಿಂದ ತಪ್ಪಿಲ್ಲದೆ ತಿರುಗಿ ಹೇಳಿದ. ಮುಂದಿನ ಎರಡು ಗಂಟೆ ಅದರ ಎಳೆ ಎಳೆ ಬಿಡಿಸಿದ. ದೇವರು ಉದ್ಧರಿಸಬಲ್ಲ ಎನ್ನುವುದು ನಿಂತಿತು. ಆದ್ದರಿಂದ ಉದ್ಧರಿಸುತ್ತಾನೆ ಎಂದು ನಾವು ಹೇಳಬಹುದು ಎನ್ನುವುದು ನಿಲ್ಲಲಿಲ್ಲ. ವೀಗಾಂಡ್ ಎದ್ದು ನಿಂತು ಅದನ್ನು ಒಪ್ಪಿಕೊಳ್ಳಬೇಕಾಯಿತು.

ಹೊರಗೆ ಮೆಟ್ಟಿಲಿಳಿಯುವಾಗ ಅವನು ತಿಲ್ಮನ್‌ನನ್ನು ಕೇಳಿದ, "ಸ್ವಲ್ಪ ಮೆತ್ತಗೆ ಹೊಡೀಬಹುದಿತ್ತಲ್ಲ, ಸ್ವಾಮಿ?"

"ಹೊಡೀಬಹುದಿತ್ತು. ಆಗ ನೀವು ಹೇಳಿದ್ದೇ ಸರಿ ಅಂತಾಗಿಬಿಡ್ತಿತ್ತು."

"ಹಾಗಿದ್ರೆ ಎತ್ತಿಕೊಂಡಿದ್ದು ಯಾಕೆ?"

"ನಿಮ್ಮನ್ನ ಊರಿಗೆ ಕಳಿಸಿಬಿಟ್ರೆ ಮುಂದಿನ ತಿಂಗಳು ನಾನು ಯಾರ ಹತ್ರ ವಾದ ಮಾಡಲಿ? ನಮ್ಮ ಜೊತೆ ಪಾಠ ಹೇಳೋ ಆ ಹರ್ಮನ್ ಹತ್ರಾನಾ? ಅವರು ವಾದ ಮಾಡ್ತಾ ಮಾಡ್ತಾ ನಿದ್ದೆ ಹೋಗ್ತಾರೆ."

ವೀಗಾಂಡನಿಗೆ ಧನ್ಯವಾದ ಹೇಳಬೇಕೆನಿಸಿತು. ಸಂಜೆಯ ಪ್ರಾರ್ಥನೆಗೆ ತಡವಾಯಿತೆಂದು ತಿಲ್ಮನ್ ಆಗಲೇ ಮಠದ ಕಡೆ ದಾಪುಗಾಲು ಹಾಕಿದ್ದ.

ಆ ವರ್ಷದ ಪಾಠ ಲೆಕ್ಕಕ್ಕೆ ಬಂತು. ಪಟ್ಟಿಯಲ್ಲಿ ತಿಲ್ಮನ್ ಮೊದಲನೆಯವನಾದ, ವೀಗಾಂಡ್ ಎರಡನೆಯವ. ಎರಡನೆಯವರಿಗೂ ಟೋಪಿ ಸಿಗುತ್ತದೆ.