ಪಾಯಿಂಟ್ ಸೊನ್ನೆ ನಾಲ್ಕು

ಲಿಫ್ಟಿನಿಂದ ಬಿಚ್ಚಿ ತಂದ ಪಟ್ಟಿಯ ಮೊದಲ ಆರು ಪಿನ್ನುಗಳು ಹೊಸ ಬೋರ್ಡಿನ ತೂತುಗಳಲ್ಲಿ ಸಲೀಸಾಗಿ ಕೂತವು. ಏಳನೆಯದು ಮೊಂಡು ಹಿಡಿಯಿತು. ಸಾಲಿನ ಕೊನೆಗೆ ಬರುವಷ್ಟರಲ್ಲಿ ಪಿನ್ನು ಒಂದು ಕಡೆ, ತೂತು ಇನ್ನೊಂದು ಕಡೆ. ಸೊಸೆ ಮತ್ತೆ ಒತ್ತಿದಳು, ತಿರುಗಿಸಿ ಒತ್ತಿದಳು, ಕೊನೆಗೆ ಬೋರ್ಡನ್ನು ಊಟದ ಮೇಜಿನ ಮೇಲೆ ಕುಕ್ಕಿದಳು. ಇಂಥ ಸರ್ಕ್ಯೂಟ್ ಬೋರ್ಡುಗಳ ನಕ್ಷೆ ಬರೆಯುವುದೇ ಅವಳ ಕಸುಬು. ಆಫೀಸಿನಲ್ಲಿ ಯಾರಾದರೂ ಇಂಥದ್ದು ತಂದಿದ್ದರೆ ಅವತ್ತೇ ಅವರ ಗ್ರಹಚಾರ ಬಿಡಿಸುತ್ತಿದ್ದಳು.

"ಕೆಳಗೆ ಕಾರು ಬಂತು ಕಣೇ! ಎಲ್ಲಿಗೆ ಬಂತು ನಿನ್ನ ಲಿಫ್ಟು?" ಅತ್ತೆ ಬಾಲ್ಕನಿಯಿಂದ ಕೂಗಿದರು.

ಲಿಫ್ಟಿನ ಗುಂಡಿಗಳ ಹಿಂದಿದ್ದ ಬೋರ್ಡು ಸುಟ್ಟು ತಿಂಗಳುಗಳಾಗಿದ್ದವು. ಅದನ್ನು ಮಾಡಿದ ಕಂಪನಿ ಯಾವತ್ತೋ ಬಾಗಿಲು ಹಾಕಿತ್ತು. ಮಂಡಿನೋವಿನ ಅತ್ತೆ ಐದನೇ ಮಹಡಿಯಿಂದ ಇಳಿಯಲಾರರು. ನಾಲ್ಕು ಮೆಟ್ಟಿಲಿಗೇ ಏದುಸಿರು ಬಿಡುವ ಅವರ ತಂಗಿ ಹತ್ತಲಾರರು. ಹಾಗಾಗಿ ಅಕ್ಕ ಮೇಲೆ, ತಂಗಿ ಕೆಳಗೆ ನಿಂತು ಗಂಟಲು ಹರಿದುಕೊಂಡು ಮಾತಾಡುತ್ತಿದ್ದರು. ತಂಗಿಯ ಹೊಟ್ಟೆ ಕೆಟ್ಟ ಸಮಾಚಾರ ಇಡೀ ಬೀದಿಗೆ ಗೊತ್ತಿತ್ತು. ಇವತ್ತು ತಂಗಿ ದೂರದೂರಿನ ಮಗಳ ಮನೆಗೆ, ಇನ್ನು ಅಲ್ಲೇ ಇರುವುದೆಂದು ಹೊರಟಿದ್ದರು. ಈ ವಯಸ್ಸಿನಲ್ಲಿ ಮತ್ತೆ ಮುಖ ನೋಡುವುದು ಉಂಟೋ ಇಲ್ಲವೋ.

ಹಳೆಯ ಬೋರ್ಡಿನ ಅಳತೆಗಳೆಲ್ಲ ಮಿಲ್‌ನಲ್ಲಿದ್ದವು. ಇಂಚಿನ ಸಾವಿರದಲ್ಲೊಂದು ಪಾಲಿಗೆ ಮಿಲ್ ಎನ್ನುತ್ತಾರೆ. ಅದರಂಥದ್ದೇ ಹೊಸದನ್ನು ಮಾಡಿಕೊಡಲು ಒಪ್ಪಿದ್ದ ಕಾರ್ಖಾನೆಯವರಿಗೆ ಮಿಲಿಮೀಟರಿನಲ್ಲೇ ಬೇಕಿತ್ತು. ಆ ವಾರ ಅವಳಿಗೆ ಜ್ವರ. ಮನೆ ಕಟ್ಟುವ ಕಂಟ್ರಾಕ್ಟರ್ ಗಂಡ, "ಇಷ್ಟೇ ತಾನೇ, ನಾನ್ ಮಾಡ್ತೀನಿ ಬಿಡು" ಎಂದು ಫೈಲಿನ ಅಳತೆಗಳನ್ನು ತಾನೇ ಬದಲಾಯಿಸಿ ಕಳಿಸಿದ್ದ.

"ಪಿನ್ನಿಂದ ಪಿನ್ನಿಗೆ ಎಷ್ಟು ಹಾಕ್ದೆ?" ಎಂದಳು ಈಗ.

"ಎರಡೂವರೆ."

"ನೂರು ಮಿಲ್ಲಿಗೆ ಎರಡು ಪಾಯಿಂಟ್ ಐದು ನಾಲ್ಕು ಇರ್ಬೇಕಿತ್ತು!"

"ಅದೇ ಬಂದಿತ್ತು. ಪಾಯಿಂಟ್ ಸೊನ್ನೆ ನಾಲ್ಕು ಏನ್ ಮಹಾ ಅಂತ ರೌಂಡ್ ಮಾಡ್ದೆ. ಕೂದಲೆಳೆಯಷ್ಟೂ ಇಲ್ಲ ಅದು."

"ಪಿನ್ನು ನಲವತ್ತಿದಾವೆ. ಪ್ರತಿಯೊಂದಕ್ಕೂ ಅಷ್ಟಷ್ಟು ಸೇರ್ತಾ ಹೋಯ್ತಲ್ಲಪ್ಪಾ!"

"ನಮ್ಮಲ್ಲಿ ಕಾಲಿಂಚು ಹೆಚ್ಚುಕಮ್ಮಿ ಆದ್ರೂ ಪ್ಲಾಸ್ಟರು ಮುಚ್ಕೊಳ್ಳತ್ತೆ."

"ತಗೊಂಬಾ ಪ್ಲಾಸ್ಟರು. ಮೊದಲು ನಿನ್ನ ಬಾಯಿಗೆ ಮೆತ್ತೀನಿ."

"ಮಿಲ್ಲು ಅಂದ್ರೆ ಹಿಟ್ಟಿನ ಮಿಲ್ಲೇನೇ?" ಎಂದರು ಒಳಗೆ ಬಂದ ಅತ್ತೆ.

"ಅಲ್ಲ ಅತ್ತೆ, ನಿಮ್ಮ ಮಗನ ತಲೆ."

ಬಾಗಿಲಲ್ಲಿ ನಿಂತಿದ್ದ ಲಿಫ್ಟ್ ಮೆಕ್ಯಾನಿಕ್ ಗಡಿಯಾರ ನೋಡಿಕೊಂಡ. "ಅಕ್ಕಾ, ಆಗತ್ತೋ ಇಲ್ವೋ ಹೇಳ್ಬಿಡಿ." ಮತ್ತೊಂದು ಬೋರ್ಡು ಮಾಡಿಸಿದರೆ ಬರಲು ಇನ್ನೂ ಎರಡು ವಾರ ಬೇಕು. ಅವಳಿಗೆ ಅಳು ಬರುವಷ್ಟು ರೇಗಿತ್ತು. ಅತ್ತೆ ಆಗಲೇ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು ಚಪ್ಪಲಿ ಮೆಟ್ಟಿಕೊಂಡಿದ್ದರು. ಅದನ್ನು ನೋಡಿದ ಮೇಲೆ ಅವಳು ಬೆಸುಗೆಯ ಕಡ್ಡಿಯನ್ನು ಪ್ಲಗ್ಗಿಗೆ ಹಾಕಿದಳು.

ಹೊಂದದ ಪ್ರತಿ ಪಿನ್ನಿನಿಂದ ಅದರ ತೂತಿಗೆ ಒಂದೊಂದು ಎಳೆ ತಂತಿ. ಗಂಡನ ಕೆಲಸ ತಂತಿ ಹಿಡಿದುಕೊಳ್ಳುವುದು, ಮಾತಾಡಲು ಅಪ್ಪಣೆಯಿರಲಿಲ್ಲ. ಒಮ್ಮೆ ಬಾಯಿ ತೆರೆದ. ಅವಳು ಬಿಸಿ ಕಡ್ಡಿಯನ್ನೇ ಅವನತ್ತ ತೋರಿಸಿದಳು. ಕೆಳಗಿನಿಂದ ಹಾರನ್ ಆಯಿತು. "ಬರ್ತೀಯೋ ಇಲ್ವೋ ಅಕ್ಕಾ?" ಎಂದು ತಂಗಿಯ ದನಿ. "ಇರೇ! ಬೆಸುಗೆ ಹಾಕ್ತಿದಾರೆ!" ಎಂದು ಅಕ್ಕನ ದನಿ. ಎದುರು ಮನೆಯವರೂ ಕಿಟಕಿಗೆ ಬಂದರು.

ತಂತಿಗಳ ಗೊಂಚಲು ಹೊತ್ತ ಬೋರ್ಡನ್ನು ಮೆಕ್ಯಾನಿಕ್ ಹುಬ್ಬು ಗಂಟಿಕ್ಕಿಕೊಂಡೇ ಒಯ್ದ. ಎಷ್ಟೋ ಹೊತ್ತಿನ ಮೇಲೆ ಲಿಫ್ಟು ನರಳುತ್ತ ಮೇಲೆ ಬಂತು. ಅವನು ಎರಡು ಸಲ ಖಾಲಿ ಇಳಿಸಿ ಹತ್ತಿಸಿ ನೋಡಿದ. ಆಮೇಲೆ ಅತ್ತೆ ಸೊಸೆಯ ತೋಳು ಒಮ್ಮೆ ಹಿಸುಕಿ, ಮಗನನ್ನು ಆತುಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿತು.

ಸೊಸೆ ಬಾಲ್ಕನಿಗೆ ಬಂದಳು. ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ಬಗ್ಗಿ ನೋಡಿದಳು. ಕಾರಿನ ತೆರೆದ ಬಾಗಿಲ ಬಳಿ ಎರಡು ನರೆತ ತಲೆಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಅವರು ಏನೋ ಹೇಳಿಕೊಳ್ಳುತ್ತಲೇ ಇದ್ದರು. ಒಂದು ಮಾತೂ ಮೇಲಕ್ಕೆ ಕೇಳಿಸಲಿಲ್ಲ.