ಚಾಪೆಹುಲ್ಲಿನ ಪಾಠ

ಚಿಹೊ ಮಂಡಿಯೂರಿ ಕೂತು, ಅಡುಗೆಮನೆಯ ಹಲಗೆ ನೆಲದ ಮೇಲೆ ಚೆಲ್ಲಿದ್ದ ಹಿಕ್ಕೆಗಳನ್ನು ಒಂದೊಂದಾಗಿ ಹೆಕ್ಕಿ ಅಂಗೈಗೆ ಹಾಕಿಕೊಂಡಳು. ಉಚ್ಚೆಯ ಮೇಲೆ ಮೆತ್ತನೆಯ ಕಾಗದ ಹಾಸಿ, ಅದು ಪೂರ್ತಿ ಹೀರುವವರೆಗೆ ಕಾದಳು. ಆಮೇಲೆ ವಿನೆಗರ್ ಬೆರೆಸಿದ ನೀರು ಚಿಮುಕಿಸಿ ನೆಲ ಒರೆಸಿದಳು. ಒದ್ದೆ ಕಾಗದವನ್ನು ಮಾತ್ರ ಎಸೆಯಲಿಲ್ಲ. ಮೂಲೆಯಲ್ಲಿದ್ದ ಪ್ಲಾಸ್ಟಿಕ್ ತಟ್ಟೆಯೊಳಗೆ ಅದನ್ನು ಹರವಿಟ್ಟಳು. ತನ್ನ ವಾಸನೆ ಎಲ್ಲಿದೆಯೋ ಮೊಲ ಅಲ್ಲಿಗೇ ಮತ್ತೆ ಹೋಗುತ್ತದೆ ಎಂದು ಸಾಕುಪ್ರಾಣಿ ಅಂಗಡಿಯವನು ಹೇಳಿದ್ದ. ಅಮ್ಮ ಇಕುಯೊ ಬೆನ್ನು ತಿರುಗಿಸಿಕೊಂಡು ಮೂಲಂಗಿ ಹೆಚ್ಚುತ್ತಿದ್ದಳು. ಅಜ್ಜಿ ಹಿಸಾ ಚಹಾದ ಬಟ್ಟಲು ಹಿಡಿದು ನೋಡುತ್ತಿದ್ದಳು. ಫ್ರಿಜ್ಜಿನ ಹಿಂದೆ ಅಡಗಿದ್ದ ಮೊಲ ಹಿಂಗಾಲಿನಿಂದ ನೆಲಕ್ಕೆ ಒಮ್ಮೆ ದಪ್ಪನೆ ಬಡಿಯಿತು.

ಮೊಲ ಬಂದು ಹತ್ತು ದಿನವಾಗಿತ್ತು. ಊರಿನ ಪ್ರಾಥಮಿಕ ಶಾಲೆಯವರು ಮೊಲದ ಗೂಡು ಮುಚ್ಚುತ್ತಿದ್ದರು. ಬೇಸಿಗೆಯ ಬಿಸಿಲು ವರ್ಷವರ್ಷಕ್ಕೂ ಏರುತ್ತಿತ್ತು, ರಜೆಯಲ್ಲಿ ಬಂದು ನೀರಿಡುವವರು ಯಾರೂ ಇರಲಿಲ್ಲ. ಉಳಿದಿದ್ದ ಮೂರು ಮೊಲಗಳನ್ನು ಬೇಕಾದವರು ಒಯ್ಯಬಹುದು ಎಂದು ಚೀಟಿ ಅಂಟಿಸಿದ್ದರು. ಚಿಹೊ ಅದೇ ಶಾಲೆಯಲ್ಲಿ ಓದಿದವಳು. ಅಲ್ಲಿದ್ದ ಆರು ವರ್ಷವೂ ಅವಳ ಬಾಯಿಂದ ಸಲೀಸಾಗಿ ಮಾತು ಬರುತ್ತಿದ್ದದ್ದು ಆ ಗೂಡಿನ ಮುಂದೆ ಮಾತ್ರ. ಪ್ರೌಢಶಾಲೆಯನ್ನು ಅವಳು ಹದಿನಾರಕ್ಕೇ ಬಿಟ್ಟಳು. ಈಗ ಹತ್ತೊಂಬತ್ತು. ಈ ಮೂರು ವರ್ಷದಲ್ಲಿ ಅವಳು ಮನೆಯವರನ್ನು ಏನನ್ನೂ ಕೇಳಿರಲಿಲ್ಲ. ಆ ಚೀಟಿ ಓದಿ ಬಂದ ದಿನ ಊಟದ ಹೊತ್ತಿಗೆ, ತಟ್ಟೆ ನೋಡುತ್ತಲೇ, "ಒಂದು ಮೊಲ ಸಾಕ್ತೀನಿ" ಎಂದಳು.

ಅಜ್ಜಿ ಅನ್ನ ಅಗಿಯುವುದನ್ನು ನಿಲ್ಲಿಸಿದಳು. "ಸಾಕು. ಆದ್ರೆ ನಿಮ್ಮಜ್ಜ ಹೋದ ಮೇಲಿನ ಮೊದಲನೇ ಬೋನ್ ಬರ್ತಿದೆ, ಹೋದೋರು ಮನೆಗೆ ಬರೋ ಹಬ್ಬ. ಅಷ್ಟರಲ್ಲಿ ಅದು ಎಲ್ಲಿ ಕೂರಬೇಕೋ ಅಲ್ಲೇ ಕೂರೋದು ಕಲಿತಿರ್ಬೇಕು. ಬುದ್ಧನ ಕೋಣೇಲಿ ಒಂದು ಹನಿ ಬಿದ್ರೂ ಅದು ಈ ಮನೇಲಿರಲ್ಲ, ಕಣೇ" ಎಂದಳು.

ಮೊಲ ತಂದ ಮರುದಿನ ಸೋದರಮಾವ ಕುನಿಹಿಕೊ ಬಂದವನೇ ಅದನ್ನು ನೋಡಿ ನಕ್ಕ. ಅವನದು ಪಕ್ಕದ ಬೀದಿಯಲ್ಲಿ, ಕೋಣೆಯ ನೆಲಕ್ಕೆ ಕೂರಿಸುವ ತತಾಮಿ ಚಾಪೆಯ ಅಂಗಡಿ. ಈ ಮನೆಯೂ ಅವನ ಹೆಸರಿನಲ್ಲೇ ಇತ್ತು. ಗಂಡನನ್ನು ಬಿಟ್ಟು ಮಗಳ ಕೈಹಿಡಿದು ತವರಿಗೆ ಬಂದ ಇಕುಯೊಗೆ ಅದನ್ನು ಯಾರೂ ನೆನಪಿಸಬೇಕಾಗಿರಲಿಲ್ಲ.

"ಶಾಲೆ ಬಿಟ್ಟೋಳು ಶಾಲೆಯಿಂದಾನೇ ಮೊಲ ತಂದ್ಲಾ? ಪಾಪ, ಅದನ್ನೂ ಬಿಡಿಸಿಬಿಟ್ಯಲ್ಲೇ."

"ಹೆಸರೇನಂತೆ ಕೇಳಣ್ಣ," ಎಂದು ಅಮ್ಮ ಮಾತು ತಿರುಗಿಸಲು ನೋಡಿದಳು.

"ಕಿನಾಕೊ," ಎಂದಳು ಚಿಹೊ. ಹುರಿದ ಸೋಯಾ ಹಿಟ್ಟಿನ ಬಣ್ಣವಿತ್ತೆಂದು ಶಾಲೆಯ ಮಕ್ಕಳೇ ಇಟ್ಟ ಹೆಸರು ಅದು.

"ತಿನ್ನೋ ಹೆಸರೇ ಇಟ್ಟಿದ್ದಾರೆ. ಮಿಸೊ ಹಾಕಿ ಬೇಯಿಸಿದ್ರೆ ನಾಕು ಜನಕ್ಕಾಗುತ್ತೆ," ಎಂದು ಮಾವ ಚಪ್ಪಲಿ ಮೆಟ್ಟಿ ಹೋದ.

ಮೊಲಕ್ಕೆ ಪಾಠ ಹೇಳುವುದು ಚಿಹೊ ಅಂದುಕೊಂಡಷ್ಟು ಸುಲಭವಿರಲಿಲ್ಲ. ತಟ್ಟೆಯಲ್ಲಿ ಹಳೆ ಪತ್ರಿಕೆ ಹಾಸಿದರೆ ಕಿನಾಕೊ ಅದನ್ನು ಹರಿದು ತಿಂದಿತು. ಮರದ ಹೊಟ್ಟಿನ ಸಣ್ಣ ಉಂಡೆ ಹಾಕಿದರೆ ತಟ್ಟೆಯನ್ನೇ ಹಲ್ಲಲ್ಲಿ ಕಚ್ಚಿ ಮಗುಚಿತು. ಬಾಗಿಲ ಬಳಿ ಒದ್ದೆ ಮಾಡಿದಾಗ ಅವಳು ಸಿಟ್ಟಿಗೆದ್ದು ನೆಲಕ್ಕೆ ಅಂಗೈ ಬಡಿದಳು. ಅಷ್ಟಕ್ಕೇ ಅದು ಎರಡು ದಿನ ಫ್ರಿಜ್ಜಿನ ಹಿಂದಿನಿಂದ ಹೊರಬರಲಿಲ್ಲ, ಕ್ಯಾರೆಟ್ಟಿನ ಸೊಪ್ಪನ್ನೂ ಮೂಸಲಿಲ್ಲ. ಗದರುವುದು ಈ ಪ್ರಾಣಿಗೆ ತಿಳಿಯುವುದಿಲ್ಲ, ಹೆದರುವುದಷ್ಟೇ ತಿಳಿಯುತ್ತದೆ ಎಂದು ಚಿಹೊಗೆ ಅರ್ಥವಾಯಿತು. ಅದನ್ನು ಅರ್ಥ ಮಾಡಿಕೊಳ್ಳಲು ಅವಳಿಗೆ ಯಾರ ಸಹಾಯವೂ ಬೇಕಾಗಲಿಲ್ಲ.

ಆಮೇಲೆ ಅವಳು ಪಾಠ ಹೇಳುವುದನ್ನು ಬಿಟ್ಟು ನೋಡತೊಡಗಿದಳು. ಕಿನಾಕೊ ತಿನ್ನುತ್ತಲೇ ಹಿಕ್ಕೆ ಹಾಕುತ್ತಿತ್ತು. ಹುಲ್ಲಿನ ಬುಟ್ಟಿಯ ಮುಂದೆ ಕೂತು ಬಾಯಿ ಆಡಿಸಿದಷ್ಟು ಹೊತ್ತೂ ಹಿಂದಿನಿಂದ ಉದುರುತ್ತಿತ್ತು. ಹಾಗಾದರೆ ಹುಲ್ಲನ್ನೇ ತಟ್ಟೆಗೆ ಹಾಕಿದರಾಯಿತು. ಆದರೆ ಅಂಗಡಿಯ ಹುಲ್ಲಿನ ಚೀಲ ಮುಗಿಯುತ್ತ ಬಂದಿತ್ತು. ಆಗ ಅವಳಿಗೆ ಹಿತ್ತಲ ಕೊಟ್ಟಿಗೆ ನೆನಪಾಯಿತು.

ಅಜ್ಜ ಬದುಕಿದ್ದಷ್ಟು ದಿನ ಯತ್ಸುಶಿರೊ ಊರಿನ ಗದ್ದೆಗಳಲ್ಲಿ ಚಾಪೆಹುಲ್ಲು ಬೆಳೆದವನು. ತತಾಮಿಯ ಮೇಲುಹಾಸನ್ನು ನೇಯುವುದು ಆ ಹುಲ್ಲಿನಿಂದಲೇ. ಮಗ್ಗಕ್ಕೆ ಉದ್ದ ಸಾಲದ ಮೋಟು ಕಡ್ಡಿಗಳ ಕಟ್ಟುಗಳು ಕೊಟ್ಟಿಗೆಯ ಅಟ್ಟದಲ್ಲಿ ಹಾಗೇ ಬಿದ್ದಿದ್ದವು. ಚಿಹೊ ಒಂದು ಕಟ್ಟು ಇಳಿಸಿ ಮೂಸಿದಳು. ಹಸಿರು ವಾಸನೆ ಇನ್ನೂ ಆರಿರಲಿಲ್ಲ. ಬೆರಳುದ್ದ ಕತ್ತರಿಸಿ ತಟ್ಟೆಯ ತುಂಬ ಹಾಸಿದಳು.

ಕಿನಾಕೊ ಬಂದು ಮೂಸಿತು. ಗಲ್ಲ ಉಜ್ಜಿತು. ತಟ್ಟೆಯೊಳಗೆ ಹತ್ತಿ ಕೂತು ಎರಡು ಕಡ್ಡಿ ಕಡಿಯಿತು, ಬಾಲ ಎತ್ತಿತು.

ಮೂರನೆಯ ದಿನಕ್ಕೆ ಹತ್ತರಲ್ಲಿ ಒಂಬತ್ತು ಸಲ ತಟ್ಟೆಗೇ ಹೋಯಿತು. ವಾರ ಕಳೆಯುವುದರಲ್ಲಿ ಮನೆಯೆಲ್ಲ ಓಡಾಡಿ, ಅವಸರವಾದಾಗ ಓಡೋಡಿ ಬಂದು ತಟ್ಟೆ ಹತ್ತುತ್ತಿತ್ತು. ಚಿಹೊ ಅದರ ಮುಂದೆ ಹೊಟ್ಟೆಯ ಮೇಲೆ ಮಲಗಿ, "ಜಾಣೆ ನೀನು. ನನಗಿಂತ ಜಾಣೆ" ಎಂದು ಪಿಸುಗುಟ್ಟುವುದನ್ನು ಅಮ್ಮ ಬಾಗಿಲ ಮರೆಯಿಂದ ಕೇಳಿಸಿಕೊಂಡಳು.

ಅಜ್ಜಿಯೂ ಕರಗಿದ್ದಳು. ಒಂದು ಬೆಳಿಗ್ಗೆ ತಟ್ಟೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಕಡ್ಡಿಯೊಂದನ್ನು ಬೆರಳಲ್ಲಿ ಹೊರಳಿಸಿ, "ಇದು ಯಜಮಾನರ ಕೊನೇ ಬೆಳೇದಲ್ವಾ?" ಎಂದಳು.

"ಹೂಂ ಅಜ್ಜಿ. ಮೋಟು ಕಡ್ಡಿ."

"ಮೊಲಕ್ಕೆ ಪಾಠ ಹೇಳಿದ್ದು ನೀನಲ್ಲ ಬಿಡು. ಸತ್ತರೂ ಅವರೇ ಹೇಳ್ಬೇಕಾಯ್ತು," ಎಂದು ಅಜ್ಜಿ ನಕ್ಕಳು. ಅಜ್ಜ ಹೋದ ಮೇಲೆ ಆ ಮನೆಯಲ್ಲಿ ಅವಳ ನಗು ಕೇಳಿದ್ದು ಅದೇ ಮೊದಲು.

ಅದೇ ಕೊನೇ ಬೆಳೆಯ ಉದ್ದ ಹುಲ್ಲಿನಿಂದ ಅಜ್ಜ ತಾನೇ ನೇಯ್ದ ಎಂಟು ಮೇಲುಹಾಸುಗಳನ್ನು ಅಜ್ಜಿ ಸುತ್ತಿ ಕಟ್ಟಿಟ್ಟಿದ್ದಳು. ಅವನ ಮೊದಲ ಬೋನ್‌ಗೆ ಬುದ್ಧನ ಕೋಣೆಯಲ್ಲಿ ಅವೇ ಇರಬೇಕೆಂಬುದು ಅವಳ ಆಸೆ. ಹಬ್ಬಕ್ಕೆ ಮೂರು ದಿನವಿರುವಾಗ ಕುನಿಹಿಕೊ ಹಳೆ ಹಾಸುಗಳನ್ನು ಬಿಚ್ಚಿ, ಹೊಸವನ್ನು ಹೊಲಿದು, ಎಂಟು ಚಾಪೆಗಳನ್ನೂ ಕೂರಿಸಿ ಹೋದ. ಕೋಣೆ ತುಂಬ ಗದ್ದೆಯ ವಾಸನೆ. ಅಜ್ಜಿ ಒಳಗೆ ಹೋಗಿ ಅಂಗೈಯನ್ನು ಹುಲ್ಲಿನ ಎಳೆಯ ಗುಂಟ ಆಡಿಸುತ್ತ ತುಂಬ ಹೊತ್ತು ಕೂತಿದ್ದಳು.

ಮರುದಿನ ಬೆಳಿಗ್ಗೆ ಮಾವ ಮತ್ತೆ ಬಂದ. "ಹೊಸ ತತಾಮಿ. ಗಾಳಿ ಆಡದಿದ್ರೆ ಬೂಷ್ಟು ಹಿಡಿಯುತ್ತೆ," ಎಂದು ಕೋಣೆಯ ಎರಡೂ ಕಡೆಯ ಜಾರುಬಾಗಿಲು ಸರಿಸಿಟ್ಟ. ಇಕುಯೊ ಅಲ್ಲೇ ಲಾಟೀನುಗಳ ಧೂಳು ಒರೆಸುತ್ತಿದ್ದಳು. ಚಿಹೊ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು.

ಅವಳು ಒಳಗೆ ಬಂದಾಗ ಕಿನಾಕೊ ಬುದ್ಧನ ಪೀಠದ ಮುಂದಿನ ಚಾಪೆಯ ನಟ್ಟನಡುವೆ ಕೂತಿತ್ತು. ಅಂಚಿನ ಹುಲ್ಲು ಕಡಿಯುತ್ತ, ಬಾಲ ಎತ್ತಿ, ನಿಶ್ಚಿಂತೆಯಿಂದ. ತುಕ್ಕಿನ ಬಣ್ಣದ ಉಚ್ಚೆ ಹುಲ್ಲಿನ ಎಳೆಗುಂಟ ಹರಿದು ಮೊಳದುದ್ದ ಆಗಿತ್ತು. ಅವಳನ್ನು ಕಂಡು ಓಡಲಿಲ್ಲ. ಕಲಿಸಿದ್ದನ್ನೇ ಮಾಡಿದ ಮೊಲ ಯಾಕೆ ಓಡಬೇಕು? ಅವಳು ಕಾಗದ ತಂದು ಒತ್ತಿದಳು, ವಿನೆಗರ್ ನೀರು ಹಾಕಿದಳು. ಹುಲ್ಲು ಕಲೆಯನ್ನು ಬಿಡಲಿಲ್ಲ.

ಅಜ್ಜಿ ಬಂದು ನಿಂತಳು. ಬಗ್ಗಿ, ಕಡಿದ ಅಂಚನ್ನು ಮುಟ್ಟಿ ನೋಡಿದಳು.

"ಎಂಟು ತಿಂಗಳು ಕೊಟ್ಟಿಗೇಲಿತ್ತು. ಒಂದು ಇಲೀನೂ ಮುಟ್ಟಿರ್ಲಿಲ್ಲ," ಎಂದಳು. ದನಿ ಏರಿರಲಿಲ್ಲ. "ಬಾಗಿಲು ತೆಗೆದಿಟ್ಟೋರು ಯಾರು?"

"ಇನ್ಯಾರಮ್ಮ?" ಎಂದ ಕುನಿಹಿಕೊ. "ಮೊಲ ಯಾರದ್ದೋ, ಬಾಗಿಲೂ ಅವರದ್ದೇ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಅವನು. ಚಿಹೊ ಅಮ್ಮನ ಕಡೆ ನೋಡಿದಳು. ಅಮ್ಮ ಕೈಯಲ್ಲಿದ್ದ ಧೂಳಿನ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಚಿಹೊಳ ಬಾಯಿಂದ ಮಾತು ಹೊರಡುವ ಹೊತ್ತಿಗೆ ಎಲ್ಲರೂ ಕೋಣೆಯಿಂದ ಹೊರಟಿದ್ದರು.

ಹಬ್ಬದ ಹಿಂದಿನ ದಿನ ಅಮ್ಮ ಅವಳನ್ನು ಹೂವು ತರಲು ಕಳಿಸಿದಳು. ಹತ್ತಿರದ ಅಂಗಡಿಯಲ್ಲ, ಸ್ಟೇಷನ್ನಿನ ಆಚೆಯದು. ತಿರುಗಿ ಬಂದಾಗ ಕಿನಾಕೊ ರಾತ್ರಿ ಮಲಗುತ್ತಿದ್ದ ಪಂಜರವನ್ನು ತೊಳೆದು ಅಂಗಳದಲ್ಲಿ ಬೋರಲು ಹಾಕಿದ್ದರು. ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

"ಮಾವ ಯಾರಿಗೋ ಕೊಟ್ಟ. ಒಳ್ಳೆ ಮನೆಯಂತೆ," ಎಂದಳು ಅಮ್ಮ, ಹೂವಿನ ತೊಟ್ಟು ಕತ್ತರಿಸುತ್ತ.

"ಬಾಗಿಲು ತೆಗೆದಿದ್ದು ಮಾವ. ನೀನು ನೋಡಿದ್ದೆ."

ಕತ್ತರಿ ಒಂದು ಗಳಿಗೆ ನಿಂತಿತು. "ನೋಡಿದ್ದೆ. ಹೇಳಿದ್ರೆ ಮೊಲದ ಹಿಂದೇನೇ ನಾವೂ ಹೊರಡ್ಬೇಕಾಗ್ತಿತ್ತು. ಎಲ್ಲಿಗೆ ಹೋಗ್ತಿದ್ದೆ, ಹೇಳು?" ಎಂದಳು. ಮತ್ತೆ ಕತ್ತರಿ ಆಡಿಸಿದಳು.

ಚಿಹೊಗೆ ಆ ರಾತ್ರಿಯೆಲ್ಲ ಒಂದೇ ಚಿಂತೆ. ಒಳ್ಳೆ ಮನೆಯೆಂದರೆ ಅಲ್ಲೂ ತತಾಮಿ ಇರುತ್ತದೆ. ಅವರು ಒಳ್ಳೆ ಮನಸ್ಸಿನಿಂದಲೇ ಕಿನಾಕೊಳನ್ನು ಒಳಗೆ ಬಿಡುತ್ತಾರೆ. ಅದು ಹಸಿರು ವಾಸನೆ ಹಿಡಿದು ನೇರವಾಗಿ ಅಲ್ಲಿಗೇ ಹೋಗುತ್ತದೆ. ಆಮೇಲೆ ಇನ್ನೊಂದು ಮನೆ, ಅಲ್ಲಿಂದ ಇನ್ನೊಂದು. ಕೊನೆಗೆ ಯಾವುದೋ ಗದ್ದೆಯ ಬದು. ಕಲಿಸಿದವಳು ತಾನು. ಅದನ್ನು ಮರೆಸಲು ಏನು ಮಾಡಬೇಕೆಂದು ಗೊತ್ತಿದ್ದವಳೂ ತಾನೊಬ್ಬಳೇ.

ಹಬ್ಬದ ದಿನ ಬಿಳಿ ಲಾಟೀನು ಹಚ್ಚಿದರು. ಸೇರಿದ ನೆಂಟರೇ ಹನ್ನೆರಡು ಜನ. ಕಲೆಯ ಮೇಲೆ ದಪ್ಪನೆಯ ಮೆತ್ತೆ ಹಾಕಿ ಭಿಕ್ಷುವನ್ನು ಕೂರಿಸಿದರು. ಮಂತ್ರ ಮುಗಿಯಿತು, ಭಿಕ್ಷು ಹೊರಟ, ಊಟದ ಮಣೆಗಳು ಬಂದವು. "ಏನು ಹುಲ್ಲು, ಏನು ನೇಯ್ಗೆ," ಎಂದು ಎಲ್ಲರೂ ಅಜ್ಜನನ್ನು ಹೊಗಳಿದರು. ಕುನಿಹಿಕೊ ಹೊಲಿಗೆಯ ಹೊಗಳಿಕೆಯನ್ನು ತಲೆಬಾಗಿಸಿ ತೆಗೆದುಕೊಂಡ.

ಚಿಹೊ ಬಿಯರ್ ಬಾಟಲಿಗಳ ತಟ್ಟೆ ಹಿಡಿದು ಬಂದವಳು ಮಾವನ ಮುಂದೆ ಮಂಡಿಯೂರಿದಳು. ತಟ್ಟೆಯನ್ನು ಕೆಳಗಿಟ್ಟಳು. ಹನ್ನೆರಡು ಜನರ ಎದುರು ಅವಳು ಮಾತಾಡಿದ್ದನ್ನು ಅಲ್ಲಿ ಯಾರೂ ಎಂದೂ ಕಂಡಿರಲಿಲ್ಲ.

"ಮಾವ, ಮೊಲಾನ ಯಾರಿಗೆ ಕೊಟ್ರಿ? ಚಾಪೆ ಮೇಲೆ ಬಿಡಬೇಡಿ ಅಂತ ಅವರಿಗೆ ಹೇಳ್ಬೇಕು."

ಮಾವ ಬಾಟಲಿ ಎತ್ತಿಕೊಂಡು ಪಕ್ಕದವನ ಲೋಟಕ್ಕೆ ಸುರಿದ. ಅಜ್ಜಿ ಪೀಠದ ಮೇಲಿನ ಅಜ್ಜನ ಫೋಟೋ ನೋಡುತ್ತಿದ್ದಳು. ಅಮ್ಮ ತನ್ನ ಬಟ್ಟಲೊಳಗೆ ನೋಡುತ್ತಿದ್ದಳು.

"ಅವರ ಫೋನ್ ನಂಬರ್ ಕೊಟ್ರೆ ಸಾಕು, ಮಾವ," ಎಂದಳು ಚಿಹೊ.